ಚೌಕಾಸಿಯಲ್ಲಿ ಕೈತಪ್ಪಿದ ಮನೆ

ಹಿಮಾಲಯದ ಗಢವಾಲದ ಈ ಬೆಟ್ಟದೂರಿಗೆ ಬರಲು ನಾನು ತೆತ್ತದ್ದು ಮೈಸೂರಿನ ಉದಯಗಿರಿಯ ನನ್ನ ಬ್ಯಾಟರಿ ಅಂಗಡಿ. ಮಾರಿಯೇ ಬಂದೆ. ನೆಲ ಸರಿಯುವುದನ್ನು ಅಳೆಯುವ ವಿಜ್ಞಾನಿಗಳಿಗೆ ಯಂತ್ರಗಳ ಬ್ಯಾಟರಿ ನೋಡಿಕೊಳ್ಳುವವನೊಬ್ಬ ಬೇಕಿದ್ದ, ನನಗೆ ತಪ್ಪದೆ ಬರುವ ಸಂಬಳ ಬೇಕಿತ್ತು.

ಬಂಡೆಗೆ ಒಂದು ಸ್ಟೀಲ್ ಮೊಳೆ ಹೊಡೆದಿರುತ್ತಾರೆ. ವರ್ಷವರ್ಷವೂ ಅದರ ಮೇಲೆ ಜಿಪಿಎಸ್ ಯಂತ್ರವಿಟ್ಟು, ಮೊಳೆ ಎಷ್ಟು ಸರಿದಿದೆ ಎಂದು ನೋಡುತ್ತಾರೆ. ನಮ್ಮ ಮೈಸೂರಲ್ಲಿ ಈ ಕಾಟವಿಲ್ಲ ಎಂದೆ. ತಂಡದ ಮುಖ್ಯಸ್ಥೆ, ಬಂಗಾಳದ ಮೇಡಂ, ನಕ್ಕರು. ನಿಮ್ಮ ಚಾಮುಂಡಿ ಬೆಟ್ಟವೂ ವರ್ಷಕ್ಕೆ ಉಗುರು ಬೆಳೆಯುವಷ್ಟು ಉತ್ತರಕ್ಕೆ ಬರುತ್ತಿದೆ, ದೇಶವೇ ಬಂದು ಈ ಬೆಟ್ಟಗಳನ್ನು ಒತ್ತುತ್ತಿದೆ, ಇಲ್ಲಿ ನೆಲದಡಿಯ ಬಿರುಕು ಹಲ್ಲು ಕಚ್ಚಿ ಕೂತಿದೆ, ಒಂದು ದಿನ ಹಿಡಿತ ಬಿಡುತ್ತದೆ, ಆಗ ಭೂಕಂಪ ಎಂದರು.

ಮನೆ ಹುಡುಕಿದೆ. ಮೈಸೂರಲ್ಲಾದರೆ ನಲ್ಲಿ ತಿರುಗಿಸಿ ನೋಡಿದರೆ ಮುಗಿಯಿತು. ಇಲ್ಲಿ ಸಿಕ್ಕಿದ್ದು ಎರಡು. ಒಂದು ಹಳೆಯದು: ಕಲ್ಲುಗೋಡೆಯ ನಡುನಡುವೆ ದೇವದಾರು ತೊಲೆ, ಮೇಲೆ ಪಠಾಲ್, ಅಂದರೆ ಹೆಂಚಿನ ಬದಲು ಹೊದಿಸುವ ಕಲ್ಲುಚಪ್ಪಡಿ, ಕೆಳಗಿನ ಅಂತಸ್ತಿನಲ್ಲಿ ಹಸು. ಇನ್ನೊಂದು ಇಳಿಜಾರಿನಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಹೊಸ ಸಿಮೆಂಟು ಮನೆ. ಹೆಂಡತಿ ಗಿರಿಜೆ ಫೋನಿನಲ್ಲಿ ಸಿಮೆಂಟಿನದೇ ಆಗಬೇಕೆಂದಳು. ನಾನು ಅದರ ಮಾಲೀಕರಿಗೆ ನಮ್ಮ ದೇವರಾಜ ಮಾರ್ಕೆಟ್ಟಿನ ರೂಢಿಯಂತೆ ಅರ್ಧ ಬಾಡಿಗೆ ಹೇಳಿ, ಎದ್ದು ನಡೆದೆ. ಹಿಂದಿನಿಂದ ಕರೆಯುತ್ತಾರೆಂದು ಮೆಲ್ಲಗೆ ನಡೆದೆ. ಕರೆಯಲಿಲ್ಲ. ಎದ್ದುಹೋದವನನ್ನು ಮತ್ತೆ ಕರೆಯುವುದು ಇಲ್ಲಿಯವರಿಗೆ ಅವಮಾನವಂತೆ. ಮರುದಿನ ನಮ್ಮ ಜೀಪಿನ ಡ್ರೈವರ್ ಮೋಹನ್ ಕೇಳಿದಷ್ಟು ಕೊಟ್ಟು, ಹೆಂಡತಿ, ಕೂಸಿನೊಂದಿಗೆ ಆ ಮನೆ ಸೇರಿದ. ನಮಗೆ ಹಳೆಯದೇ ಗತಿಯಾಯಿತು.

ಗಿರಿಜೆ ಬಂದವಳು ಮೂಗು ಮುಚ್ಚಿಕೊಂಡಳು. "ಇನ್ನೊಂಚೂರು ಜಾಸ್ತಿ ಕೊಟ್ಟಿದ್ರೆ ನಿಮ್ ಗಂಟೇನು ಹೋಗ್ತಿತ್ತು? ಹಸು ಜೊತೆ ಸಂಸಾರ ಮಾಡೋಕೆ ಕರ್ಕೊಂಡ್ಬಂದ್ಬುಟ್ರಾ?"

ಆದರೂ ದಿನವೂ ಮೋಹನನ ಮನೆಯ ಬಿಸಿಲಿಗೆ ಹೋಗಿ ಕೂರುತ್ತಿದ್ದಳು. ಅವನ ಹೆಂಡತಿಗೆ ಉಪ್ಪಿಟ್ಟು ಕಲಿಸಿದಳು, ಅವಳಿಂದ ಹಿಂದಿ ಕಲಿತಳು. ಈ ಊರಿನಲ್ಲಿ ಅವಳಿಗಿದ್ದ ಗೆಳತಿ ಅವಳೊಬ್ಬಳೇ.

ಒಂದು ಬೆಳಗಿನ ಜಾವ ಆ ಬಿರುಕು ಹಿಡಿತ ಬಿಟ್ಟಿತು, ನೆಲ ನಡುಗಿತು. ನಮ್ಮ ತೊಲೆಗಳು ನರಳಿದವು, ಕೆಲವು ಚಪ್ಪಡಿ ಉದುರಿದವು, ಗೋಡೆ ನಿಂತಿತು. ಹೊರಗೆ ಓಡಿ ನೋಡಿದರೆ ಸಿಮೆಂಟು ಮನೆಯ ಕಂಬಗಳು ಮಡಚಿಕೊಂಡಿದ್ದವು. ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೇಡಂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಮೊಳೆ ಎಷ್ಟು ಸರಿದಿದೆ ಈಗಲೇ ಅಳೆಯಬೇಕು, ಬ್ಯಾಟರಿ ತನ್ನಿ ಎಂದರು. ಹೊತ್ತುಕೊಂಡು ಹೋದೆ. ತಿರುಗಿ ಬಂದು, ದೇವರು ನಮ್ಮನ್ನು ಉಳಿಸಿದ ಎಂದೆ.

ಗಿರಿಜೆ ತಲೆ ಎತ್ತಲಿಲ್ಲ. "ಅವ್ರು ನಮ್ಮನೇಲಿ ಸತ್ರು ಕಣ್ರೀ."

ಮೈಸೂರಿಗೆ ಹೋಗಿ ಒಂದು ಬೇಸಿಗೆ ಇದ್ದು ನೋಡಿದೆವು. ಅಲ್ಲಿಯವರ ನಿಶ್ಚಿಂತೆ ಅವಳಿಗೆ ಸಹಿಸಲಾಗಲಿಲ್ಲ. ಮತ್ತೆ ಇಲ್ಲಿಗೇ ಬಂದೆವು; ಇಲ್ಲಿ ನನಗೆ ನಿದ್ದೆ ಬರುವುದಿಲ್ಲ.

ನೀವು ಬೆಟ್ಟಕ್ಕೆ ಬಂದರೆ ನಲ್ಲಿಯನ್ನು ಆಮೇಲೆ ನೋಡಿ. ಮೂಲೆಯಲ್ಲಿ ಗೋಡೆಗೆ ಗೋಡೆ ಬೆಸೆದಿದೆಯೇ, ಕಂಬದ ಬುಡ ಬಂಡೆಯ ಮೇಲಿದೆಯೇ, ತುಂಬಿದ ಮಣ್ಣಿನ ಮೇಲಿದೆಯೇ, ಬಗ್ಗಿ ನೋಡಿ. ಸರಿಯಿಲ್ಲದಿದ್ದರೆ ಸುಮ್ಮನೆ ಎದ್ದು ಬರಬೇಡಿ, ಮುಂದೆ ಬರುವವರಿಗೂ ಹೇಳಿ. ನಾನು ಬಗ್ಗಿ ನೋಡಿರಲಿಲ್ಲ. ಮೋಹನನಿಗೆ ಹೇಳಲು ನನ್ನ ಬಳಿ ಇದ್ದದ್ದು ಬಾಡಿಗೆ ಜಾಸ್ತಿಯೆಂಬ ಮಾತೊಂದೇ.