ಒರಗಬಾರದ ಕಂಬ

ಕಳೆದ ವರ್ಷ ಆಯುಧಪೂಜೆಯ ಹೊತ್ತಿನ ಮಾತು. ಉಡುಪಿ ಕಡೆಯವರಾದ ನಮ್ಮದು ಚೆನ್ನೈನ ವಡಪಳನಿಯಲ್ಲಿ ಒಂದು ಸಣ್ಣ ಹೋಟೆಲು. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಅದರಲ್ಲಿ ಮನಸ್ಸೇ ಇರಲಿಲ್ಲ. ಬಣ್ಣ ಹೋದ ಗೋಡೆ, ಹರಿದ ಫ್ಲೆಕ್ಸು, ತುಕ್ಕು ಹಿಡಿದ ಶಟರು. "ದೀಪಾವಳಿಗೆ ಮುಚ್ಚುವ, ಸಾಕು" ಎಂದುಬಿಟ್ಟರು. ನನ್ನ ಗಂಡ ಅಪ್ಪನಿಗೆ ಎದುರು ಮಾತಾಡುವವರಲ್ಲ. ನಾನು ಸುಮ್ಮನಿರುವವಳಲ್ಲ.

"ಮಾವ, ಎದುರುಗಡೆ ಒಮ್ಮೆ ಸರಿ ಮಾಡಿ ನೋಡುವ. ಊರಿನ ಮನೆಗಳ ಹಾಗೆ ಮರದ ಕಂಬ, ಹಂಚಿನ ಮಾಡು, ಜಗಲಿ. ಆಮೇಲೂ ಬೇಡ ಅನಿಸಿದರೆ ಮುಚ್ಚುವ" ಎಂದೆ.

"ಎಂತ ಬೇಕಾದರೂ ಮಾಡು ಮಾರಾಯ್ತಿ" ಎಂದರು, ಪೇಪರಿನಿಂದ ತಲೆ ಎತ್ತದೆ.

ದಿನಾ ನಮ್ಮಲ್ಲಿ ಕಾಫಿ ಕುಡಿಯುವ ಸೆಲ್ವಂ ಸಿನಿಮಾ ಸೆಟ್ಟು ಕಟ್ಟುವ ಬಡಗಿ. ನಮ್ಮ ಜೊತೆ ಮಾತಾಡಿ ಮಾತಾಡಿ ಅರ್ಧ ಕನ್ನಡ ಕಲಿತವರು. ಅವರಿಗೇ ಕೆಲಸ ಒಪ್ಪಿಸಿದೆ.

"ಮೂರೇ ದಿನ ಪೋದುಂ, ಸಾಕು ಅಮ್ಮಾ, ಸೂಪರಾ ಮಾಡಿಕೊಡ್ತೀನಿ."

ಮಾಡಿಯೂ ಕೊಟ್ಟರು! ನೂರು ವರ್ಷದ ಮನೆಯೇ ಬಂದು ನಿಂತ ಹಾಗಿತ್ತು. ಕಂಬದಲ್ಲಿ ಬಳ್ಳಿಯ ಕೆತ್ತನೆ, ಮರದ ಗೆರೆ, ದೀಪದ ಎಣ್ಣೆ ಜಿಡ್ಡು ಕೂಡ. ನಾನು ಬೀಗಿದ್ದೇ ಬೀಗಿದ್ದು. ಇಪ್ಪತ್ತು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.

ಆಯುಧಪೂಜೆಯ ಬೆಳಿಗ್ಗೆ ಗ್ರೈಂಡರಿಗೆ ಕುಂಕುಮ ಇಟ್ಟು ಬಾಗಿಲು ತೆರೆದೆವು. ನಮ್ಮ ಹಳೇ ಗಿರಾಕಿ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕಾಫಿ ಲೋಟ ಹಿಡಿದು ಕಂಬಕ್ಕೆ ಒರಗಿದರು. ಕಂಬ ಲಟಕ್ಕೆಂದು ಮುರಿಯಿತು. ಅವರು ಕಾಫಿ ಸಮೇತ ಜಗಲಿ ಮೇಲೆ ಕೂತರು. ಸುತ್ತೆಲ್ಲ ಥರ್ಮಾಕೋಲಿನ ಬಿಳಿ ಕಾಳು ಹಾರಾಡಿದವು.

ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ಇನ್ನೊಂದು ಕಾಫಿ ಕೇಳಿದರು, ಅಷ್ಟೆ. ಆದರೆ ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೋಟೆಲು ಮುಚ್ಚಿದಂತೆಯೇ ಎಂದುಕೊಂಡೆ.

ಸೆಲ್ವಂ ಓಡಿ ಬಂದು ತಲೆ ತಗ್ಗಿಸಿ ನಿಂತರು. "ಮೂವತ್ತು ವರ್ಷ ಕ್ಯಾಮೆರಾಗೇ ಕಟ್ಟಿದ್ದು ಅಮ್ಮಾ. ಶೂಟಿಂಗ್ ಮುಗಿದ್ರೆ ಒಡೆದು ಹಾಕ್ತಾರೆ. ಯಾರಾದ್ರೂ ಒರಗ್ತಾರೆ ಅಂತ ಯೋಚನೇನೇ ಬರ್ಲಿಲ್ಲ."

ನಾನು ಹೆದರಿ ಮಾವನ ಕಡೆ ನೋಡಿದೆ. ಅಂಗಿ ಮೇಲಿನ ಥರ್ಮಾಕೋಲು ಕಾಳೊಂದನ್ನು ಹೆಕ್ಕಿ ನೋಡುತ್ತಿದ್ದವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.

"ಒರಗಲಿಕ್ಕೆ ಆಗದಿದ್ದರೆ ಕಂಬ ಎಂತಕ್ಕೆ ಮಾರಾಯ? ನಡಿ, ಮರ ನೋಡಿ ಬರುವ" ಎಂದು ಚಪ್ಪಲಿ ಮೆಟ್ಟಿದರು.

ಇಬ್ಬರೂ ಊರೆಲ್ಲ ಅಲೆದು, ಹಳೇ ಮನೆ ಕೆಡವಿದ ಕಡೆಯಿಂದ ನಾಲ್ಕು ತೇಗದ ಕಂಬ ತಂದರು. ಸೆಲ್ವಂ ಉಜ್ಜುವುದು, ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ತಪ್ಪು ಹಿಡಿಯುವುದು. ಪೇಪರು ಓದಲಿಕ್ಕೂ ಪುರುಸೊತ್ತಿಲ್ಲ!

ದೀಪಾವಳಿಯ ಹಿಂದಿನ ದಿನ ಕೊನೆಯ ಕಂಬ ನಿಂತಿತು. ಸೆಲ್ವಂ ಅದಕ್ಕೆ ಭುಜ ಕೊಟ್ಟು ಬಲವಾಗಿ ನೂಕಿದರು. ಅಲುಗಲಿಲ್ಲ. "ಇದನ್ನ ಯಾರೂ ಒಡೆಯಲ್ಲ ಅಲ್ವಾ ಅಯ್ಯಾ?" ಎಂದು ಕೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹೋಟೆಲು ಮುಚ್ಚುವುದಿಲ್ಲ ಅಂದ ಮೇಲೆ ಒಡೆಯುವುದು ಎಂತಕ್ಕೆ?" ಎಂದರು ಮಾವ.

ನನಗೆ ಹೇಳಬೇಕಾದ್ದನ್ನು ಅವರು ಸೆಲ್ವಂಗೆ ಹೇಳಿದ್ದರು. ಅವತ್ತು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡ ಸಂತೋಷ ಇನ್ನೂ ಹಾಗೇ ಇದೆ.