ಮೊದಲ ಸಹಿ ಹುಡುಕಿ ಅಕ್ಕಲಕೋಟೆಗೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಬೆಳಗಿನ ಆರರ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು, ಅವ್ವ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ, ಎಲ್ಲ ಇದ್ದವು, ನೆಮ್ಮದಿ ಒಂದಿರಲಿಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನಲ್ಲಿ, ದುಧನಿಯ ಹತ್ತಿರದ ನಮ್ಮ ಹಳೆಯ ಊರಿನಲ್ಲಿ ಆ ದಿನ ಮೂರು ಗಂಟೆಗೆ ಗ್ರಾಮಸಭೆ. ಕನ್ನಡ ಶಾಲೆಯ ಹೊಸ ಕಟ್ಟಡಕ್ಕೆ ಯಾರ ಹೆಸರಿಡಬೇಕೆಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ನಮ್ಮಪ್ಪನ ಹೆಸರಿಡಬೇಕೆಂದು ತಿಂಗಳುಗಟ್ಟಲೆ ಓಡಾಡಿದವನು ನಾನೇ.

ಅಪ್ಪ ಆ ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿ ಕಚೇರಿಯಲ್ಲಿ ಕಾರಕೂನನಾಗಿದ್ದ. ಕೂಲಿಕಾರರ ಓಣಿಗೆ ಶಾಲೆ ಬೇಕೆಂದು ಅವನೇ ಅರ್ಜಿ ಬರೆದ, ಮೊದಲ ಸಹಿ ಅವನೇ ಹಾಕಿದ, ಊರಿನ ದೊಡ್ಡವರನ್ನು ಎದುರು ಹಾಕಿಕೊಂಡ ಎಂದು ಕೇಳುತ್ತಲೇ ನಾನು ಬೆಳೆದೆ. ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಒಬ್ಬ ಗಟ್ಟಿ ಮನುಷ್ಯ ಎದ್ದು ನಿಂತರೆ ಸಾಕು, ಇತಿಹಾಸ ಹೊರಳುತ್ತದೆ ಎಂದು ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ, ಅದೂ ರಾಜರನ್ನು ಬಿಟ್ಟು ಅಪ್ಪನದೇ ಉದಾಹರಣೆ ಕೊಟ್ಟು! ಈಗ ಊರಿನ ಇನ್ನೊಂದು ಮನೆಯವರು ಮುಂದಾಳು ತಮ್ಮ ಅಜ್ಜ ಎಂದು ತಕರಾರು ತೆಗೆದಿದ್ದರು. ಸರಪಂಚರು ಫೋನ್ ಮಾಡಿ, ‘ಅರ್ಜಿ ತಗೊಂಡು ಬರ್ರಿ ಸರ್. ಮ್ಯಾಲಿನ ಸಹಿ ಯಾರ್ದು ಅದನೋ ಅವರ ಹೆಸರು ಇಡೋಣು’ ಎಂದಿದ್ದರು. ಅರ್ಜಿಯ ಒಂದು ಪ್ರತಿ ಅಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿರುವ ಸೋನಾಬಾಯಿ ಎಂಬ ಮುದುಕಿಯ ಹತ್ತಿರ ಇತ್ತು. ಅವರು ಅದೇ ಓಣಿಯವರು.

ಅಪ್ಪ ತೀರಿಹೋಗಿ ಮೂರು ವರ್ಷ. ಅವನು ಹೇಳಿದ್ದು ಸುಳ್ಳೆಂದು ಯಾರೂ ಅಂದಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳನಂತೆ ನಾನು ದಾರಿಯುದ್ದಕ್ಕೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನೂರು ಕಿಲೋಮೀಟರ್ ಹೇಗೆ ಸರಿಯಿತೋ. ಭೀಮಾ ದಾಟಿದ್ದು ನೆನಪಿದೆ, ನೀರು ತಳ ಹಿಡಿದಿತ್ತು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಬಸ್ಸು ಅರ್ಧ ತಾಸು ಸಿಕ್ಕಿಬಿತ್ತು.

ಅಕ್ಕಲಕೋಟೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುವಾರ, ಸ್ವಾಮಿಗಳ ದರ್ಶನದ ಗದ್ದಲ. ಪಕ್ಕದಲ್ಲಿ ಕೂತ ಹೋಟಗಿಯ ಹೆಣ್ಣುಮಗಳು ‘ಮಠಕ್ಕೇನ್ರಿ ಅಣ್ಣಾರ?’ ಎಂದು ಕೇಳಿದರು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ಕೇಳಿ ನಕ್ಕರು. ‘ಬಾವಿ ತೋಡಾಕ ನೂರು ಮಂದಿ ಬೇಕ್ರಿ. ನೀರು ಬಿದ್ದ ಮ್ಯಾಗ ಹೆಸರು ಒಬ್ಬಂದs.’

‘ಒಬ್ಬರು ಮೊದಲ ಹಾರಿ ಹಾಕಬೇಕಲ್ರಿ?’ ಎಂದೆ.

‘ಹಾಕಬೇಕು ಖರೆ. ಆದ್ರ ಅಂವಾ ಒಬ್ಬನ ಹಾಕಿದ್ರ ಬಾವಿ ಅಲ್ರಿ, ತೆಗ್ಗು ಬೀಳ್ತದ.’

ನಲವತ್ತು ಕಿಲೋಮೀಟರಿನ ದಾರಿ ಮುಗಿದಾಗ ಗದ್ದಲದಲ್ಲಿ ನುಸುಳಿ ಇಳಿದೆ.

ಸೋನಾಬಾಯಿಯ ಮಗಳ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ ಇತ್ತು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಚಾಪೆ. ‘ಬಾ ತಮ್ಮಾ, ಥೇಟ್ ನಿಮ್ಮಪ್ಪನ ಮಾರಿ’ ಎಂದು ಕೂರಿಸಿ, ಚಹಾ ಕೊಡಿಸಿ, ಟ್ರಂಕಿನಿಂದ ಕಾಗದ ತೆಗೆದರು. ನಡುವೆ ಅಪ್ಪನ ದುಂಡಗಿನ ಅಕ್ಷರದಲ್ಲಿ ಅರ್ಜಿ. ಅದರ ಸುತ್ತ ಊಟದ ತಾಟು ಬೋರಲಿಟ್ಟು ಎಳೆದ ಗೆರೆ. ಗೆರೆಯ ಮೇಲೆ ಒತ್ತೊತ್ತಾಗಿ ಹೆಬ್ಬೆಟ್ಟಿನ ಗುರುತು, ಒಂದೊಂದರ ಪಕ್ಕ ಒಂದೊಂದು ಹೆಸರು. ಮೇಲಿನದು ಯಾವುದು, ಕೆಳಗಿನದು ಯಾವುದು?

‘ನಮ್ಮ ಓಣ್ಯಾಗ ಹಿಂಗs ಒತ್ತೂದು’ ಎಂದರು ಸೋನಾಬಾಯಿ. ‘ಸಾಲಾಗಿ ಒತ್ತಿದ್ರ ಮ್ಯಾಲಿನಂವನ್ನ ಹಿಡಿತಿದ್ರು. ಅವನ ಕೂಲಿ ಬಂದ್ ಮಾಡ್ತಿದ್ರು.’

ಮೂರು ಸಲ ಸುತ್ತು ಹಾಕಿ ಓದಿದೆ. ಮೂವತ್ತೊಂದು ಹೆಸರು. ಅಪ್ಪನದಿರಲಿಲ್ಲ.

‘ಆಯಿ, ನಮ್ಮಪ್ಪಂದು?’

‘ಅಂವಾ ಬರ್ದಾನ, ಒತ್ತಿಲ್ಲ. ತಾಲೂಕಿನ ಸಾಹೇಬ ಚೌಕಶಿಗಿ ಬಂದಿದ್ದ. ಈ ಅಕ್ಷರ ಯಾರ್ದು, ಅವನ ನೋಕರಿ ತೆಗಿತೀನಿ ಅಂದ. ನಿಮ್ಮಪ್ಪ ಅವನ ಬಾಜೂಕs ಫೈಲ್ ಹಿಡ್ಕೊಂಡು ನಿಂತಿದ್ದ, ಮಾರ್ಯಾಗ ರಕ್ತ ಇರಲಿಲ್ಲ. ನಮ್ಮ ಮಾವ ಎದ್ದು ನಾ ಬರ್ದೀನ್ರಿ ಅಂದ. ಅವನಿಗಿ ಅ ಆ ಬರ್ತಿರಲಿಲ್ಲ! ಆಮ್ಯಾಲ ನಾ ಎದ್ದೆ. ಆಮ್ಯಾಲ ಎಲ್ಲಾರೂ ಎದ್ರು. ಎಲ್ಲಾರೂ ನಾ ಬರ್ದೀನಿ ಅಂದ್ರು.’

‘ಅಪ್ಪ?’

‘ಸುಮ್ಮ ನಿಂತಿದ್ದ. ಮನ್ಯಾಗ ನೀ ಆರು ತಿಂಗಳ ಕೂಸು. ಏನು ಮಾಡ್ಯಾನು? ನಮಗ ಎರಡು ತಿಂಗಳು ಯಾರೂ ಕೂಲಿಗಿ ಕರೀಲಿಲ್ಲ. ಖರೆ, ಸಾಲಿ ಬಂತು.’

ಮುಖ ಎಲ್ಲಿಡಲಿ ಎನ್ನುವಷ್ಟು ನಾಚಿಕೆಯಾಯಿತು. ಅಪ್ಪನ ಮೇಲೆ ಸಿಟ್ಟೂ ಬಂತು, ಆ ಫೈಲು ಹಿಡಿದು ನಿಂತವನನ್ನು ನೆನೆದು ಕರುಳೂ ಚುರುಕ್ಕೆಂದಿತು. ಸೋನಾಬಾಯಿ ನನ್ನ ಮುಖ ನೋಡಿ, ‘ಅಂವಾ ಬರೀಲಿಲ್ಲಂದ್ರ ಅರ್ಜಿ ಎಲ್ಲಿಂದ ಬರ್ತಿತ್ತು? ಅವನ ಹೆಸರ ಇಡಲಿ ಬಿಡು. ಕಾಗದ ಸಿಗಲಿಲ್ಲ ಅಂತ ಹೇಳು. ನಾ ಸಭಾದಾಗ ಬಾಯಿ ತೆಗಿಯಂಗಿಲ್ಲ’ ಎಂದರು.

ಮಧ್ಯಾಹ್ನ ಇಬ್ಬರೂ ಟಮ್‌ಟಮ್ ಹತ್ತಿದೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಾಗದ ನನ್ನ ಚೀಲದಲ್ಲಿತ್ತು, ತೆಗೆಯದಿದ್ದರೆ ಕೇಳುವವರಿರಲಿಲ್ಲ. ಊರು ಬರುವವರೆಗೂ ಒಂದು ಸಲ ತೋರಿಸುವುದೆಂದುಕೊಂಡೆ, ಇನ್ನೊಂದು ಸಲ ಬೇಡವೆಂದುಕೊಂಡೆ. ಅವ್ವ ಬೆಳಿಗ್ಗೆ ‘ನಿಮ್ಮಪ್ಪನ ಹೆಸರು ಇಡೂ ಸಭಾದ ಫೋಟೋ ತಕ್ಕೊಂಡು ಬಾ’ ಎಂದಿದ್ದಳು.

ಶಾಲೆಯ ಅಂಗಳ ತುಂಬಿತ್ತು. ಸರಪಂಚರು, ‘ಸರ್, ಮೊದಲ ಸಹಿ ನಿಮ್ಮಪ್ಪಾರ್ದs ಹೌದಲ್ರಿ?’ ಎಂದು ಎಲ್ಲರೆದುರು ಕೇಳಿದರು. ಹೆಂಗಸರ ನಡುವೆ ಕೂತಿದ್ದ ಸೋನಾಬಾಯಿ ತಲೆ ತಗ್ಗಿಸಿದರು. ಮತ್ತೊಮ್ಮೆ ನಮ್ಮ ಮನೆಯವನನ್ನು ಕಾಯಲು ಅವರು ತಯಾರಾಗಿದ್ದರು.

‘ಅಲ್ರಿ. ನಮ್ಮಪ್ಪ ಬರ್ದಾನ. ಸಹಿ ಮಾಡಿಲ್ಲ’ ಎಂದೆ. ಕಾಗದ ತೆಗೆದು ಬೆರಳಿಗೆ ಸಿಕ್ಕ ಹೆಸರಿನಿಂದ ಓದತೊಡಗಿದೆ. ನಾಲ್ಕೈದು ಹೆಸರಾಗುವಷ್ಟರಲ್ಲಿ ಹಿಂದಿನಿಂದ ಒಬ್ಬ ‘ನಮ್ಮ ಮುತ್ಯಾ!’ ಎಂದು ಎದ್ದು ನಿಂತ. ಆಮೇಲೆ ಇನ್ನೊಬ್ಬಳು. ಮೂವತ್ತೊಂದೂ ಮುಗಿದವು. ತಕರಾರು ತೆಗೆದಿದ್ದವರ ಅಜ್ಜನ ಹೆಸರೂ ಅದರಲ್ಲಿರಲಿಲ್ಲ. ಗದ್ದಲವೆದ್ದಿತು, ಕಡೆಗೆ ಓಣಿಯ ಹೆಸರನ್ನೇ ಇಡುವುದೆಂದು ಕೈ ಎತ್ತಿದರು. ಗಾಡಿ ತಪ್ಪೀತೆಂಬ ಗಡಿಬಿಡಿಯಲ್ಲಿ ಕಾಗದವನ್ನು ಸೋನಾಬಾಯಿಯ ಕೈಗಿಟ್ಟು ದುಧನಿ ಸ್ಟೇಷನ್ನಿಗೆ ಓಡಿದೆ.

ಹೋಟಗಿಯಲ್ಲಿ ಇಳಿದು ವಿಜಯಪುರದ ಗಾಡಿ ಹಿಡಿದೆ. ಕೂತ ಮೇಲೆ ಅವ್ವನಿಗೆ ಫೋನ್ ಹಚ್ಚಿ, ಅವಳು ಬಯ್ಯುತ್ತಾಳೋ ಅಳುತ್ತಾಳೋ ಎಂದು ಹೆದರುತ್ತಲೇ ನಡೆದದ್ದನ್ನೆಲ್ಲ ಹೇಳಿದೆ. ಅವಳು ಎರಡೂ ಮಾಡಲಿಲ್ಲ.

‘ಆ ಸೋನಾಬಾಯಿ ಕಾಲಿಗಿ ಬಿದ್ದಿಯೇನಪಾ?’ ಎಂದಳು.

ಗಾಡಿ ಹೊರಟಿತ್ತು. ‘ಇಲ್ಲವ್ವಾ’ ಎಂದೆ.