ಗೇಟಿನಿಂದ ಬಾರದ ದನಿ

ಇಂಟರ್ನೆಟ್ ಫೋನು ಸರಿಪಡಿಸಲು ಉತ್ತರ ಭಾರತದ ಮಾನೇಸರಿನ ಕಾರ್ಖಾನೆಗೆ ಬಂದಿದ್ದ ಹರ್ಷಿಣಿ ಆಫೀಸಿನಿಂದ ಗೇಟಿಗೆ ಕರೆ ಮಾಡಿದಳು. ಅತ್ತ ರಿಸೀವರ್ ಎತ್ತಿದ್ದು ತಿಳಿಯಿತು, ಮಾತಿಲ್ಲ.

"ನೋಡಿದ್ರಾ? ಗಾರ್ಡ್ ಫೋನ್ ಎತ್ತಿಟ್ಟು ಮಲಗಿಬಿಡ್ತಾನೆ. ಇವತ್ತೇ ಅವನ ಕೊನೇ ಡ್ಯೂಟಿ," ಎಂದರು ಮ್ಯಾನೇಜರ್.

ಅವಳು ಕಿಟಕಿಯಿಂದ ಇಣುಕಿದಳು. ಗಾರ್ಡ್ ನಾಚಪ್ಪ, ಕೊಡಗಿನ ಮಾಜಿ ಹವಾಲ್ದಾರರು, ಅಟೆನ್ಷನ್‌ನಲ್ಲಿ ನಿಂತು ರಿಸೀವರಿನೊಳಗೆ ಗಂಟಲು ಹರಿಯುವಂತೆ ಕೂಗುತ್ತಿದ್ದರು.

"ಇಲ್ಲಿ ಬನ್ನಿ ಸಾರ್," ಎಂದು ಮ್ಯಾನೇಜರನ್ನೂ ಕಿಟಕಿಗೆ ಕರೆದಳು.

ನೆಟ್‌ವರ್ಕಿಗೆ ಕಾವಲಾಗಿ ಹಾಕಿದ್ದ ಹೊಸ ಫೈರ್‌ವಾಲ್ ಗೇಟಿಗೆ ದನಿಯನ್ನು ಹೋಗಲು ಬಿಟ್ಟು, ಅಲ್ಲಿಂದ ಬರುವುದನ್ನು ತಡೆಯುತ್ತಿತ್ತು. ಸೆಟ್ಟಿಂಗ್ ತಿದ್ದಿ ಮತ್ತೆ ಕರೆ ಮಾಡಿದಾಗ ಅವಳ ಕಿವಿ ಗಡಚಿಕ್ಕಿತು.

"ಮೆಲ್ಲಗೆ ಅಂಕಲ್, ಈಗ ಕೇಳಿಸ್ತಿದೆ," ಎಂದಳು ಕನ್ನಡದಲ್ಲೇ.

"ವಾರದಿಂದ ಹೀಗೇ ಕೂಗ್ತಿದ್ದೀನಿ ಮಗಳೇ!"

ಮರುದಿನ ಬೆಳಗಿನ ಡ್ಯೂಟಿಗೂ ನಾಚಪ್ಪನವರೇ ಬಂದರು.